ಹ್ಯಾವ್‌ಲಾಕ್ ತಲುಪುವ ದಾರಿಗಳು: ಸರ್ಕಾರಿ ಫೆರಿ, ಕ್ಯಾಟಮರಾನ್, ಹೆಲಿಕಾಪ್ಟರ್

ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ವಿಮಾನ ನಿಲ್ದಾಣವಿಲ್ಲ. ರಿಚೀಸ್ ದ್ವೀಪಸಮೂಹದಲ್ಲೇ ದೊಡ್ಡದಾದ ಈ ದ್ವೀಪ ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿದ್ದು, ಅಲ್ಲಿಗೆ ಹೋಗುವವರು ನೀರಿನ ಮೇಲೆ ಹೋಗಬೇಕು ಅಥವಾ ಅದೃಷ್ಟವಿದ್ದರೆ ಹೆಲಿಕಾಪ್ಟರ್ ಹತ್ತಬೇಕು. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನವಿರುವುದರಿಂದ, ಆ ಟಿಕೆಟ್ ಕೈಗೆ ಬಂದ ಕೂಡಲೇ ಪ್ರಯಾಣದ ಏರ್ಪಾಡು ಮುಗಿಯಿತೆಂದು ನಮ್ಮವರು ಬಹಳ ಮಂದಿ ನಿಶ್ಚಿಂತರಾಗುತ್ತಾರೆ. ಉಳಿದ 40 ಕಿಲೋಮೀಟರನ್ನು ಹೋಟೆಲಿನವರೋ ಟ್ರಾವೆಲ್ ಏಜೆಂಟರೋ ನೋಡಿಕೊಳ್ಳುತ್ತಾರೆಂದು ಬಿಟ್ಟುಬಿಡುತ್ತಾರೆ. ಇಡೀ ಪ್ರವಾಸದ ದಿನಚರಿ ನಿಂತಿರುವುದು ಆ ಸಣ್ಣ ತುಣುಕಿನ ಮೇಲೆಯೇ.

ಹೆಸರುಗಳ ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳುವುದು ಒಳ್ಳೆಯದು. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ ಎಂದೂ, ಪಕ್ಕದ ನೀಲ್ ದ್ವೀಪಕ್ಕೆ ಶಹೀದ್ ದ್ವೀಪ ಎಂದೂ ಮರುನಾಮಕರಣವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟಿನಲ್ಲಿ, ಫಲಕಗಳಲ್ಲಿ, ಆಟೋದವರ ಬಾಯಲ್ಲಿ ಹಳೆಯದು ಹೊಸದು ಎರಡೂ ಬೆರೆತಿರುತ್ತವೆ. ಈ ಬರಹದಲ್ಲಿ ಜನರ ಬಳಕೆಯಲ್ಲಿರುವ ಹಳೆಯ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ.

ಬೇರೆ ಬೇರೆ ಋತುಗಳಲ್ಲಿ, ಕೆಲವೊಮ್ಮೆ ಒಬ್ಬನೇ, ಕೆಲವೊಮ್ಮೆ ವಯಸ್ಸಾದ ತಂದೆ ತಾಯಿಯರನ್ನು ಕರೆದುಕೊಂಡು ಈ ದಾರಿಗಳಲ್ಲಿ ಹೋಗಿ ಬಂದಿದ್ದೇನೆ. ಹೋಲಿಕೆ ಮಾಡುವಾಗ ದರ, ವೇಗ, ಆಸನದ ಮೆತ್ತೆ ಇವುಗಳನ್ನು ಮುಂದಿಡುವುದು ವಾಡಿಕೆ. ನನ್ನ ಮಾನದಂಡ ಬೇರೆ: ಆ ದೋಣಿ ಹೊರಡದೇ ಇದ್ದ ದಿನ ಪ್ರಯಾಣಿಕನ ಗತಿ ಏನಾಗುತ್ತದೆ ಎಂಬುದು. ಕಡಲು ಶಾಂತವಾಗಿರುವ ದಿನ ಎಲ್ಲ ದೋಣಿಗಳೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಎದ್ದು ಕಾಣುವುದು ಗಾಳಿ ಬೀಸಿದ ದಿನ, ಎಂಜಿನ್ ಕೈಕೊಟ್ಟ ದಿನ, ಬೆಂಗಳೂರಿನಿಂದ ಬರಬೇಕಾದ ವಿಮಾನ ತಡವಾದ ದಿನ.

ಪೋರ್ಟ್ ಬ್ಲೇರ್ ತಲುಪುವ ವಿಚಾರದಿಂದ ಆರಂಭಿಸೋಣ, ಏಕೆಂದರೆ ದೋಣಿಯ ಆಯ್ಕೆಯನ್ನು ಅದು ಅರ್ಧ ನಿರ್ಧರಿಸಿಬಿಡುತ್ತದೆ. ಬೆಂಗಳೂರಿನಿಂದ ನೇರ ವಿಮಾನಕ್ಕೆ ಎರಡೂವರೆ ಗಂಟೆಯ ಆಸುಪಾಸು ಹಿಡಿಯುತ್ತದೆ. ನಿಲ್ದಾಣದಿಂದ ಜೆಟ್ಟಿಗಳಿಗೆ ಕಾರಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುವುದಿಲ್ಲ. ಹ್ಯಾವ್‌ಲಾಕ್‌ಗೆ ಹೋಗುವ ದೋಣಿಗಳಾದರೋ ಬೆಳಕಿರುವಾಗ ಮಾತ್ರ ಓಡುತ್ತವೆ. ಅಂಡಮಾನ್ ನಮ್ಮ ದೇಶದ ಗಡಿಯಾರವನ್ನೇ ಇಟ್ಟುಕೊಂಡಿದ್ದರೂ ನಮ್ಮಿಂದ ಬಹಳ ಪೂರ್ವದಲ್ಲಿರುವುದರಿಂದ ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಮಧ್ಯಾಹ್ನ ಎರಡರ ಆಸುಪಾಸಿನ ದೋಣಿ ಸಾಮಾನ್ಯವಾಗಿ ಆ ದಿನದ ಕೊನೆಯದು. ಬೆಳಗಿನ ಜಾವ ಬೆಂಗಳೂರು ಬಿಟ್ಟು ಅದೇ ದಿನ ಸಂಜೆಯೊಳಗೆ ಹ್ಯಾವ್‌ಲಾಕ್‌ನಲ್ಲಿ ಇರಬಹುದು ಎಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇದೆ, ಮತ್ತು ಬಹುಪಾಲು ದಿನಗಳಲ್ಲಿ ನಡೆಯುತ್ತದೆ ಕೂಡ. ಆದರೆ ವಿಮಾನ ಇಳಿಯುವ ಹೊತ್ತಿಗೂ ದೋಣಿ ಬಿಡುವ ಹೊತ್ತಿಗೂ ನಡುವೆ ಕನಿಷ್ಠ ಮೂರು ಗಂಟೆಯ ಅಂತರವಿಲ್ಲದಿದ್ದರೆ ಆ ಸಾಹಸಕ್ಕೆ ಇಳಿಯದಿರುವುದೇ ಲೇಸು. ದೋಣಿ ಹೊರಡುವ ಒಂದು ಗಂಟೆ ಮೊದಲು ಜೆಟ್ಟಿಯಲ್ಲಿರಬೇಕು, ಸಾಮಾನು ತಪಾಸಣೆಯ ಯಂತ್ರದಲ್ಲಿ ಹೋಗಬೇಕು, ಗುರುತಿನ ಚೀಟಿ ತೋರಿಸಬೇಕು. ಈ ಯಾವುದೂ ಐದು ನಿಮಿಷದ ಕೆಲಸವಲ್ಲ.

ಸರ್ಕಾರಿ ಫೆರಿಯನ್ನು ನಡೆಸುವುದು ಅಂಡಮಾನ್ ಆಡಳಿತದ ಹಡಗು ಸೇವಾ ನಿರ್ದೇಶನಾಲಯ. ಅಲ್ಲಿನವರು ಡಿಎಸ್‌ಎಸ್ ಎಂದೇ ಕರೆಯುತ್ತಾರೆ. ಇದರ ದೋಣಿಗಳು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತವೆ. ಹ್ಯಾವ್‌ಲಾಕ್ ತಲುಪಲು ಎರಡೂವರೆ ಗಂಟೆಯ ಸುಮಾರು ಬೇಕು. ದರದಲ್ಲಿ ದ್ವೀಪದ ನಿವಾಸಿಗಳಿಗೊಂದು, ಹೊರಗಿನವರಿಗೊಂದು ಎಂದು ಎರಡು ಬಗೆ. ಹೊರಗಿನವರ ದರವೂ ಖಾಸಗಿ ದೋಣಿಯ ಅತಿ ಕೆಳಗಿನ ದರ್ಜೆಯ ದರಕ್ಕಿಂತ ಎಷ್ಟೋ ಕಡಿಮೆ. ಸೀಟುಗಳು ಮಾತ್ರ ಬಹಳ ಮುಂಚಿತವಾಗಿ ಮಾರಾಟಕ್ಕೆ ಬರುವುದಿಲ್ಲ. ಪ್ರಯಾಣಕ್ಕೆ ಕೆಲವೇ ದಿನ ಇರುವಾಗ ತೆರೆದು ಬೇಗ ಮುಗಿಯುತ್ತವೆ. ಊರಿನಲ್ಲೇ ಕುಳಿತು ಎರಡು ತಿಂಗಳ ಹಿಂದೆ ಎಲ್ಲವನ್ನೂ ಗೊತ್ತು ಮಾಡಿಕೊಳ್ಳಬೇಕೆನ್ನುವ ಸ್ವಭಾವದವರಿಗೆ ಇದೊಂದೇ ಕಾರಣ ಸಾಕು, ಈ ದೋಣಿ ಪಟ್ಟಿಯಿಂದ ಬಿದ್ದುಹೋಗುತ್ತದೆ.

ಆ ಸ್ವಭಾವ ನನ್ನದೂ ಹೌದು. ಆದರೂ ಕೈಯಲ್ಲಿ ದಿನಗಳಿರುವಾಗ ನಾನು ಹತ್ತುವುದು ಇದನ್ನೇ. ಇದು ಪ್ರವಾಸಿಗರಿಗಾಗಿ ಓಡುವ ದೋಣಿಯಲ್ಲ, ಊರಿನವರ ಬಸ್ಸು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದವರನ್ನು ಹ್ಯಾವ್‌ಲಾಕ್‌ನಲ್ಲಿ ನೆಲೆಗೊಳಿಸಿದ್ದರಿಂದ ದೋಣಿಯ ಒಳಗೆ ಬಂಗಾಳಿ ಮಾತೇ ಹೆಚ್ಚು. ನಡುನಡುವೆ ತಮಿಳು, ತೆಲುಗು, ಎಲ್ಲರಿಗೂ ಸಲ್ಲುವ ಅಂಡಮಾನಿನ ಹಿಂದಿ. ಫೀನಿಕ್ಸ್ ಬೇಯಲ್ಲಿ ಹತ್ತುವಾಗ ಏಣಿಯ ಪಕ್ಕದಲ್ಲಿ ನಿಂತ ಖಲಾಸಿ ಪ್ರತಿಯೊಬ್ಬರ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಳ್ಳುತ್ತಾನೆ. ಜೆಟ್ಟಿಗೂ ದೋಣಿಗೂ ನಡುವೆ ಕಟ್ಟಿದ ಹಳೆಯ ಟೈರುಗಳು ಪ್ರತಿ ಅಲೆಗೂ ಕಿರ್ರೆನ್ನುತ್ತವೆ. ಒಮ್ಮೆ ನನ್ನ ಎದುರಿನ ಸಾಲಿನಲ್ಲಿ ಕುಳಿತಿದ್ದ ಮಹಿಳೆಯೊಬ್ಬರು ರಂಧ್ರ ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಕೋಳಿಮರಿಗಳನ್ನು ಒಯ್ಯುತ್ತಿದ್ದರು. ದೋಣಿ ಬಂದರನ್ನು ದಾಟಿ ತೆರೆದ ಕಡಲಿಗೆ ಬಂದು ಓಲಾಡತೊಡಗಿದಾಗ ಮರಿಗಳ ಚಿಲಿಪಿಲಿ ಒಮ್ಮೆಲೇ ನಿಂತುಹೋಯಿತು, ಆಕೆ ಪೆಟ್ಟಿಗೆಯನ್ನು ಮಡಿಲಿಗೆ ಎತ್ತಿಕೊಂಡು ಎರಡೂ ಕೈಗಳಿಂದ ಸಮತಲವಾಗಿ ಹಿಡಿದುಕೊಂಡು ಕುಳಿತರು. ಕಡಲಿನ ಓಲಾಟವನ್ನು ಹೇಗೆ ಸಹಿಸಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಓಲಾಟದ ಬಗೆಯೂ ದೋಣಿಯಿಂದ ದೋಣಿಗೆ ಬೇರೆ. ಒಂದೇ ಒಡಲಿನ ಸರ್ಕಾರಿ ದೋಣಿ ನಿಧಾನವಾಗಿ ಅಕ್ಕಪಕ್ಕಕ್ಕೆ ವಾಲುತ್ತದೆ. ಎರಡು ಒಡಲಿನ ಕ್ಯಾಟಮರಾನ್ ವಾಲುವುದು ಕಡಿಮೆ, ಆದರೆ ಎದುರಲೆಯಿದ್ದಾಗ ವೇಗದಿಂದಾಗಿ ಮೂತಿ ಎದ್ದು ಎದ್ದು ನೀರಿಗೆ ಅಪ್ಪಳಿಸುತ್ತದೆ. ಮೊದಲನೆಯದು ದೀರ್ಘವಾದ ಸಣ್ಣ ಸಂಕಟ, ಎರಡನೆಯದು ಚುಟುಕಾದ ದೊಡ್ಡ ಸಂಕಟ. ಸರ್ಕಾರಿ ದೋಣಿಯಲ್ಲಿ ಎದ್ದು ಹೊರಗೆ ಬಂದು ಗಾಳಿಗೆ ಮುಖವೊಡ್ಡಿ ದಿಗಂತ ನೋಡುತ್ತ ನಿಲ್ಲಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ವಾಕರಿಕೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಖಾಸಗಿ ದೋಣಿಗಳಲ್ಲಿ ಹೆಸರು ಮಾಡಿರುವುದು ಮ್ಯಾಕ್ರೂಜ್, ನಾಟಿಕಾ ಮತ್ತು ಗ್ರೀನ್ ಓಷನ್. ಮೊದಲೆರಡು ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಕ್ಯಾಟಮರಾನ್‌ಗಳು. ಹ್ಯಾವ್‌ಲಾಕ್‌ಗೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತವೆ. ಟಿಕೆಟ್ ವಾರಗಟ್ಟಲೆ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಆಸನ ಸಂಖ್ಯೆ ಖಚಿತ. ದರ್ಜೆಗಳು ಎರಡೋ ಮೂರೋ ಇರುತ್ತವೆ. ಅತಿ ಕಡಿಮೆ ದರ್ಜೆಗೇ ಒಂದು ಬದಿಗೆ ಸಾವಿರ ರೂಪಾಯಿ ದಾಟುತ್ತದೆ. ಮೇಲಿನ ದರ್ಜೆಗೆ ಹೆಚ್ಚು ಹಣ ಕೊಡುವುದು ನನ್ನ ಅಭಿಪ್ರಾಯದಲ್ಲಿ ವ್ಯರ್ಥ. ದುಬಾರಿ ಆಸನಗಳು ಮೇಲಿನ ಅಂತಸ್ತಿನಲ್ಲಿದ್ದಲ್ಲಿ ಓಲಾಟ ಅಲ್ಲಿ ಕೆಳಗಿಗಿಂತ ಜಾಸ್ತಿ. ಎತ್ತರಕ್ಕೆ ಹೋದಷ್ಟೂ ತೂಗಾಟ ಹೆಚ್ಚುವುದು ಹಡಗಿನ ಸಹಜ ಗುಣ. ವಾಕರಿಕೆಯ ಭಯವಿದ್ದವರು ಕೆಳ ಅಂತಸ್ತಿನಲ್ಲಿ, ಮಧ್ಯದಿಂದ ಸ್ವಲ್ಪ ಹಿಂದಕ್ಕೆ ಇರುವ ಆಸನವನ್ನೇ ಆರಿಸಿಕೊಳ್ಳಬೇಕು. ಮುಂದಿನ ಸಾಲುಗಳ ದೊಡ್ಡ ಗಾಜಿನ ಕಿಟಕಿ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಅಪ್ಪಳಿಕೆ ಅತಿ ಹೆಚ್ಚು ತಟ್ಟುವುದೂ ಅಲ್ಲಿಯೇ, ಮತ್ತು ಹೊರಟ ಅರ್ಧ ಗಂಟೆಯಲ್ಲಿ ಆ ಗಾಜಿನ ಮೇಲೆ ಉಪ್ಪಿನ ಪೊರೆ ಕಟ್ಟಿ ಹೊರಗಿನದೇನೂ ಸ್ಪಷ್ಟವಾಗಿ ಕಾಣುವುದಿಲ್ಲ.

ತಂದೆ ತಾಯಿಯರೊಂದಿಗೆ ಹೋದಾಗ ಮುಚ್ಚಿದ ಕ್ಯಾಟಮರಾನ್ ಅನ್ನೇ ಹಿಡಿದೆ, ಮತ್ತೆ ಹೋದರೂ ಅದನ್ನೇ ಹಿಡಿಯುತ್ತೇನೆ. ಮಂಡಿ ನೋವಿನವರಿಗೆ ಹತ್ತಿ ಇಳಿಯುವ ಹಲಗೆ ಅಗಲವಾಗಿದೆ, ಶೌಚಾಲಯ ಹತ್ತಿರವಿದೆ, ಬಿಸಿಲಿಲ್ಲ, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆ ದಿನ ಎದುರುಗಾಳಿಯಿತ್ತು. ಬಂದರಿನ ಬಾಯಿ ದಾಟುವ ಮೊದಲೇ ಸಿಬ್ಬಂದಿಯ ಹುಡುಗನೊಬ್ಬ ಸಾಲು ಸಾಲಾಗಿ ಕಾಗದದ ಚೀಲಗಳನ್ನು ಹಂಚುತ್ತ ಬಂದ. ಯಾರ ಮುಖವನ್ನೂ ನೋಡದೆ, ಮದುವೆ ಮನೆಯಲ್ಲಿ ಎಲೆ ಹಾಕಿಕೊಂಡು ಹೋಗುವವರ ಹಾಗೆ, ಅಭ್ಯಾಸದ ಕೈಯಿಂದ ಇಟ್ಟುಕೊಂಡು ಹೋದ. ಹತ್ತೇ ನಿಮಿಷದಲ್ಲಿ ಅದರ ಅಗತ್ಯ ಎಲ್ಲರಿಗೂ ಅರ್ಥವಾಯಿತು. ಮುಚ್ಚಿದ ಕೋಣೆಯಲ್ಲಿ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಹರಡಲು ತಡವಾಗುವುದಿಲ್ಲ. ವಾಕರಿಕೆ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಇಟ್ಟುಕೊಂಡು, ದೋಣಿ ಹತ್ತುವ ಮೊದಲೇ ನುಂಗಬೇಕು. ಸಂಕಟ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಉಳಿಯುವುದೇ ಅನುಮಾನ. ಹಸಿದ ಹೊಟ್ಟೆಯೂ ಬೇಡ, ಪೂರಿ ಸಾಗು ತಿಂದ ಹೊಟ್ಟೆಯೂ ಬೇಡ. ಎರಡು ಇಡ್ಲಿಯ ತೂಕ ಸರಿ.

ಗ್ರೀನ್ ಓಷನ್‌ನ ವೈಶಿಷ್ಟ್ಯವೆಂದರೆ ಪ್ರಯಾಣಿಕರು ತೆರೆದ ಡೆಕ್‌ಗೆ ಹೋಗಬಹುದು. ವೇಗ ಮ್ಯಾಕ್ರೂಜ್, ನಾಟಿಕಾಗಳಿಗಿಂತ ಕಡಿಮೆ, ಸರ್ಕಾರಿ ದೋಣಿಗಿಂತ ಹೆಚ್ಚು. ಮುಂಚಿತ ಟಿಕೆಟಿನ ಖಾತರಿಯೂ ಬೇಕು, ಗಾಳಿಯೂ ಬೇಕು ಎನ್ನುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಡೆಕ್ಕಿನ ಮೇಲೆ ಹಾಡು ಹಚ್ಚಿ ಕುಣಿಯುವವರೂ ಇರುತ್ತಾರೆ. ಅದು ಸಂತೋಷವೋ ಕಿರಿಕಿರಿಯೋ ಎಂಬುದು ಅವರವರ ವಯಸ್ಸಿಗೆ ಬಿಟ್ಟದ್ದು. ನಡು ಡೆಕ್ಕಿನಲ್ಲಿ ನಿಂತು ಹಾರುವ ಮೀನುಗಳು ನೀರಿನಿಂದ ಚಿಮ್ಮಿ ಅಲೆಯ ನೆತ್ತಿಯನ್ನು ಸವರಿಕೊಂಡು ಹೋಗಿ ಮತ್ತೆ ಮುಳುಗುವುದನ್ನು ನೋಡುವ ಅವಕಾಶ ಮುಚ್ಚಿದ ದೋಣಿಯಲ್ಲಿ ಸಿಗುವುದಿಲ್ಲ. ಬಿಸಿಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಗಾಳಿ ತಂಪಾಗಿರುವುದರಿಂದ ಚರ್ಮ ಸುಡುತ್ತಿರುವುದು ಇಳಿದ ಮೇಲೆಯೇ ತಿಳಿಯುತ್ತದೆ.

ಜೆಟ್ಟಿಯ ವಿಚಾರವೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಪೋರ್ಟ್ ಬ್ಲೇರ್‌ನಲ್ಲಿ ಸರ್ಕಾರಿ ಫೆರಿ ಬಿಡುವುದು ಫೀನಿಕ್ಸ್ ಬೇಯಿಂದ. ಖಾಸಗಿ ದೋಣಿಗಳು ಹೆಚ್ಚಾಗಿ ಹ್ಯಾಡೋದಿಂದ. ಎರಡರ ನಡುವಿನ ದೂರ ಹೆಚ್ಚಿಲ್ಲವಾದರೂ ಬೆಳಿಗ್ಗೆ ಐದೂವರೆಗೆ ಸಾಮಾನು ಹೊತ್ತು ತಪ್ಪು ಗೇಟಿನ ಮುಂದೆ ನಿಂತವರಿಗೆ ಅದು ಸಾಕಷ್ಟು ದೂರವೇ. ‘ಜೆಟ್ಟಿ’ ಎಂದಷ್ಟೇ ಹೇಳಿದರೆ ಆಟೋದವರು ತಮಗೆ ತೋಚಿದ ಕಡೆ ಬಿಡುತ್ತಾರೆ. ಟಿಕೆಟಿನ ಮೇಲೆ ಬರೆದಿರುವ ಜೆಟ್ಟಿಯ ಹೆಸರನ್ನು ಹಿಂದಿನ ರಾತ್ರಿಯೇ ಓದಿಕೊಂಡು, ಅದನ್ನೇ ಉಚ್ಚರಿಸಬೇಕು. ಹ್ಯಾವ್‌ಲಾಕ್‌ನಲ್ಲಿ ಈ ತೊಡಕಿಲ್ಲ. ಎಲ್ಲ ದೋಣಿಗಳೂ ಗೋವಿಂದನಗರದ ಒಂದೇ ಜೆಟ್ಟಿಗೆ ಬರುತ್ತವೆ.

ಹೆಲಿಕಾಪ್ಟರ್ ಬಗ್ಗೆ ಕೇಳುವವರು ಬಹಳ. ಸರ್ಕಾರಿ ಹೆಲಿಕಾಪ್ಟರ್ ಕಂಪನಿ ಪವನ್ ಹಂಸ್‌ನ ಅಂತರದ್ವೀಪ ಸೇವೆಯಲ್ಲಿ ಹ್ಯಾವ್‌ಲಾಕ್‌ಗೆ ಇಪ್ಪತ್ತು ನಿಮಿಷದ ಆಸುಪಾಸಿನ ಹಾರಾಟ. ಆದರೆ ಅದು ಇರುವುದು ಮೊದಲಿಗೆ ರೋಗಿಗಳಿಗಾಗಿ, ನಂತರ ಸರ್ಕಾರಿ ಕೆಲಸದ ಮೇಲೆ ಹೋಗುವವರಿಗಾಗಿ ಮತ್ತು ದ್ವೀಪವಾಸಿಗಳಿಗಾಗಿ. ಉಳಿದರೆ ಪ್ರವಾಸಿಗನ ಸರದಿ. ಸಾಮಾನಿನ ಮಿತಿ ಐದು ಕಿಲೋ; ಡೈವಿಂಗ್ ಕನ್ನಡಕ, ರೆಕ್ಕೆಪಾದ, ಒಂದು ಜೊತೆ ಬಟ್ಟೆ ಇಟ್ಟರೆ ಅಷ್ಟಕ್ಕೇ ಮುಗಿಯಿತು. ನನಗೆ ಸೀಟು ಸಿಕ್ಕಿದ್ದು ಮಳೆಗಾಲದ ವಾರದ ನಡುವಿನ ದಿನ, ಪೋರ್ಟ್ ಬ್ಲೇರ್ ಕಡೆಗೆ. ಮೇಲಿನಿಂದ ಕಂಡ ಹವಳದ ದಿಬ್ಬಗಳ ಹಸಿರು, ಅದರಾಚೆ ಥಟ್ಟನೆ ಕಡುನೀಲಿಯಾಗುವ ನೀರು ಇವು ದೋಣಿಯಿಂದ ಕಾಣುವುದಿಲ್ಲ, ನಿಜ. ಆದರೂ ಇದನ್ನು ಆಯ್ಕೆಯೆಂದು ಪಟ್ಟಿಗೆ ಸೇರಿಸುವುದೇ ತಪ್ಪು. ಖಾತರಿಯಿಲ್ಲದ ಸೀಟನ್ನು ನಂಬಿ ದೋಣಿಯ ಟಿಕೆಟ್ ಕೊಳ್ಳದೆ ಕೂರುವುದು ಮೂರ್ಖತನ. ದೋಣಿಯ ಟಿಕೆಟ್ ಕೊಂಡ ಮೇಲೆ ಹೆಲಿಕಾಪ್ಟರ್ ಸಿಕ್ಕರೆ ಒಂದು ಟಿಕೆಟಿನ ಹಣ ಹೋಗುತ್ತದೆ. ಸಮುದ್ರ ವಿಮಾನದ ಕನಸು ಕಾಣುವವರೂ ಇದ್ದಾರೆ. 2011ರಲ್ಲಿ ಜಲಹಂಸ ಎಂಬ ಹೆಸರಿನ ಪುಟ್ಟ ಸೆಸ್ನಾ ವಿಮಾನ ಹ್ಯಾವ್‌ಲಾಕ್‌ನ ನೀರಿನ ಮೇಲೆ ಇಳಿಯುತ್ತಿತ್ತು. ದೇಶದ ಮೊದಲ ವಾಣಿಜ್ಯ ಸಮುದ್ರ ವಿಮಾನ ಸೇವೆ ಅದು, ಹೆಚ್ಚು ಕಾಲ ಬಾಳಲಿಲ್ಲ.

ಇನ್ನೊಂದು ಸುತ್ತು ದಾರಿ ರಂಗತ್ ಮೂಲಕ. ಪೋರ್ಟ್ ಬ್ಲೇರ್‌ನಿಂದ ಅಂಡಮಾನ್ ಟ್ರಂಕ್ ರಸ್ತೆಯಲ್ಲಿ ಉತ್ತರಕ್ಕೆ ಹೋಗಿ, ಮಧ್ಯ ಅಂಡಮಾನಿನ ರಂಗತ್‌ನಿಂದ ಸರ್ಕಾರಿ ದೋಣಿಯಲ್ಲಿ ಲಾಂಗ್ ಐಲ್ಯಾಂಡ್ ಕಡೆಯಿಂದ ಹ್ಯಾವ್‌ಲಾಕ್‌ಗೆ ಇಳಿಯುವುದು. ದಿನವಿಡೀ ಹಿಡಿಯುತ್ತದೆ, ದೋಣಿ ನಿತ್ಯವೂ ಇರುವುದಿಲ್ಲ. ಲಾಂಗ್ ಐಲ್ಯಾಂಡ್ ನೋಡುವ ಆಸೆಯಿದ್ದವರಿಗೆ ಇದು ಸೊಗಸಾದ ದಾರಿ. ಹ್ಯಾವ್‌ಲಾಕ್ ಒಂದೇ ಗುರಿಯಾದವರಿಗೆ ಅರ್ಥವಿಲ್ಲದ್ದು. ರಸ್ತೆ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನ ನಡುವೆ ಹಾದುಹೋಗುವುದರಿಂದ ವಾಹನಗಳು ಜಿರ್ಕಾಟಾಂಗ್‌ನಿಂದ ಬೆಂಗಾವಲಿನ ಸಾಲಿನಲ್ಲಿ ನಿಗದಿತ ಹೊತ್ತಿಗೆ ಮಾತ್ರ ಹೊರಡುತ್ತವೆ. ನಿಲ್ಲಿಸುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ. ಆ ಜನರನ್ನು ‘ನೋಡುವ’ ಆಸೆಯಿಂದ ಈ ದಾರಿ ಹಿಡಿಯುವವರಿಗೆ ನನ್ನಲ್ಲಿ ಯಾವ ಸಲಹೆಯೂ ಇಲ್ಲ.

ವಿಮಾನವನ್ನೇ ಬಿಟ್ಟು ಚೆನ್ನೈನಿಂದ ಹಡಗಿನಲ್ಲಿ ಪೋರ್ಟ್ ಬ್ಲೇರ್‌ಗೆ ಹೋಗುವ ವಿಚಾರವೂ ಇದೆ. ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣಗಳಿಂದ ಪ್ರಯಾಣಿಕ ಹಡಗುಗಳು ಓಡುತ್ತವೆ; ಚೆನ್ನೈನಿಂದ ಎರಡೂವರೆಯಿಂದ ಮೂರು ದಿನ. ಬಂಕ್‌ನಿಂದ ಹಿಡಿದು ಡೀಲಕ್ಸ್ ಕೋಣೆಯವರೆಗೆ ದರ್ಜೆಗಳಿವೆ. ಹಡಗು ತಿಂಗಳಿಗೆ ಕೆಲವೇ ಬಾರಿ ಹೊರಡುತ್ತದೆ, ಹೊರಡುವ ತಾರೀಖು ಹವಾಮಾನಕ್ಕೂ ದುರಸ್ತಿಗೂ ತಕ್ಕಂತೆ ಅತ್ತಿತ್ತ ಸರಿಯುತ್ತದೆ. ರಜೆಯ ದಿನಗಳನ್ನು ಎಣಿಸಿಕೊಂಡು ಹೋಗುವ ನೌಕರಿಯವರಿಗೆ ಇದು ಹೊಂದುವುದಿಲ್ಲ. ಕೇಂದ್ರಾಡಳಿತ ಪ್ರದೇಶದಲ್ಲಿ ಕೆಲಸ ಮಾಡುವ, ಮನೆ ಸಾಮಾನು ಸಮೇತ ಊರಿಗೆ ಹೋಗಿ ಬರುವ ಕುಟುಂಬಗಳೇ ಇದರ ನಿಜವಾದ ಪ್ರಯಾಣಿಕರು. ನನಗೆ ಎರಡನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಓದಲು ತಂದಿದ್ದ ಪುಸ್ತಕ ಮುಗಿದು, ಪಕ್ಕದ ಬಂಕಿನ ಶಿಕ್ಷಕ ದಂಪತಿಯಿಂದ ಹ್ಯಾವ್‌ಲಾಕ್ ದೋಣಿಗಳ ಬಗ್ಗೆ ಯಾವ ಏಜೆಂಟನೂ ಹೇಳದ ಸಂಗತಿಗಳು ತಿಳಿದವು. ಅವುಗಳಲ್ಲಿ ಮುಖ್ಯವಾದದ್ದು ಗಾಳಿಯ ದಿಕ್ಕಿನದು.

ನವೆಂಬರ್‌ನಿಂದ ಮುಂದೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ಹ್ಯಾವ್‌ಲಾಕ್ ಇರುವುದೂ ಅದೇ ದಿಕ್ಕಿನಲ್ಲಿ. ಆದ್ದರಿಂದ ಹೋಗುವಾಗ ಅಲೆ ಎದುರಾಗುತ್ತದೆ, ಬರುವಾಗ ಬೆನ್ನಿಗೆ ಬರುತ್ತದೆ. ಒಂದೇ ದೋಣಿ, ಒಂದೇ ವಾರ, ಎರಡು ಬೇರೆ ಅನುಭವ. ಬೆಳಗಿನ ಮೊದಲ ದೋಣಿಗೆ ಸಾಮಾನ್ಯವಾಗಿ ಕಡಲು ಮೆತ್ತಗಿರುತ್ತದೆ, ಮಧ್ಯಾಹ್ನಕ್ಕೆ ಗಾಳಿ ಏರುತ್ತದೆ ಎಂಬುದನ್ನೂ ಅವರೇ ಹೇಳಿದರು, ನಾನು ಕಂಡದ್ದೂ ಅದೇ. ಆಮೇಲೆ ಹ್ಯಾವ್‌ಲಾಕ್‌ಗೆ ಹೋಗುವುದಕ್ಕೆ ಬೆಳಗಿನ ದೋಣಿಯನ್ನೂ, ಬರುವುದಕ್ಕೆ ಯಾವುದಾದರೂ ಅನುಕೂಲದ ಹೊತ್ತಿನದನ್ನೂ ಆರಿಸಿಕೊಳ್ಳತೊಡಗಿದೆ. ಬೆಳಗಿನ ದೋಣಿ ಹಿಡಿಯಬೇಕಾದರೆ ಮೊದಲ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಕಳೆಯಬೇಕು. ಸೆಲ್ಯುಲರ್ ಜೈಲು ನೋಡಲು ಆ ಮಧ್ಯಾಹ್ನ ಸರಿಹೋಗುತ್ತದೆ.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಜೂನ್, ಜುಲೈಗಳಲ್ಲಿ ಪ್ರವಾಸಿಗರು ಕಡಿಮೆಯಾದಂತೆ ಖಾಸಗಿ ದೋಣಿಗಳ ಓಡಾಟವೂ ಕಡಿಮೆಯಾಗುತ್ತದೆ, ಬೆಳಗಿನ ದೋಣಿಯೊಂದು ಮಾತ್ರ ಉಳಿಯುವ ದಿನಗಳೂ ಉಂಟು. ಅಂಥ ಒಂದು ದಿನ ನಾನು ಕಾಯ್ದಿರಿಸಿದ್ದ ಖಾಸಗಿ ದೋಣಿ ಹೊರಡಲಿಲ್ಲ. ಸಂದೇಶ ಬಂದದ್ದು ಹಿಂದಿನ ರಾತ್ರಿ. ಹಣ ಹಿಂದಿರುಗಿತು, ಆದರೆ ಹಣ ಹತ್ತಿಕೊಂಡು ಕಡಲು ದಾಟಲಾಗುವುದಿಲ್ಲವಷ್ಟೆ. ಆಗ ಉಪಯೋಗಕ್ಕೆ ಬಂದದ್ದು ಫೀನಿಕ್ಸ್ ಬೇ ಕೌಂಟರ್. ಎರಡು ಬಗೆಯ ದೋಣಿಗಳನ್ನು ಪ್ರತಿಸ್ಪರ್ಧಿಗಳೆಂದು ನೋಡುವುದಕ್ಕಿಂತ ಒಂದಕ್ಕೆ ಇನ್ನೊಂದು ಊರುಗೋಲೆಂದು ತಿಳಿದು, ಖಾಸಗಿ ದೋಣಿಗೆ ಟಿಕೆಟ್ ಮಾಡಿಸಿದವರೂ ಸರ್ಕಾರಿ ದೋಣಿಯ ಹೊತ್ತನ್ನು ಬರೆದಿಟ್ಟುಕೊಂಡಿರಬೇಕು.

ಚಂಡಮಾರುತ ಬಂದರೆ ಈ ಲೆಕ್ಕವೂ ಕೆಲಸ ಮಾಡುವುದಿಲ್ಲ. ಬಂದರಿನವರು ಎಲ್ಲ ದೋಣಿಗಳನ್ನೂ ನಿಲ್ಲಿಸುತ್ತಾರೆ. 2016ರ ಡಿಸೆಂಬರ್‌ನಲ್ಲಿ, ಮುಂದೆ ವಾರ್ದಾ ಚಂಡಮಾರುತವಾಗಿ ಬೆಳೆದು ಚೆನ್ನೈಗೆ ಅಪ್ಪಳಿಸಿದ ವಾಯುಭಾರ ಕುಸಿತ ಅಂಡಮಾನಿನ ಹತ್ತಿರ ಇದ್ದಾಗ, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡರು. ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಅದು ಎಲ್ಲರೂ ಹೋಗಬಯಸುವ, ‘ಒಳ್ಳೆಯ ಕಾಲ’ ಎನಿಸಿಕೊಂಡ ಡಿಸೆಂಬರ್ ತಿಂಗಳು ಎಂಬುದನ್ನು ಗಮನಿಸಬೇಕು. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತದ ಕಾಲವೂ ಹೌದು. ಕಡಲಿನ ದೃಷ್ಟಿಯಿಂದ ಮಾತ್ರ ನೋಡುವುದಾದರೆ ಫೆಬ್ರವರಿಯಿಂದ ಏಪ್ರಿಲ್ ನಡುವಿನ ದಿನಗಳೇ ಅತಿ ಶಾಂತ, ಸೆಕೆ ಹೆಚ್ಚಾದರೂ ಚಿಂತೆಯಿಲ್ಲ.

ಹಿಂದಿರುಗುವ ಪ್ರಯಾಣವನ್ನು ಯೋಜಿಸುವಾಗ ಜನ ಜಾಗ್ರತೆ ಸಡಿಲಿಸುತ್ತಾರೆ. ಹೋಗುವಾಗ ದೋಣಿ ತಪ್ಪಿದರೆ ಕಳೆದುಕೊಳ್ಳುವುದು ಹೋಟೆಲಿನ ಒಂದು ರಾತ್ರಿ. ಬರುವಾಗ ತಪ್ಪಿದರೆ ಹೋಗುವುದು ಬೆಂಗಳೂರಿನ ವಿಮಾನ. ಬೆಳಗಿನ ದೋಣಿಯಲ್ಲಿ ಬಂದು ಮಧ್ಯಾಹ್ನದ ವಿಮಾನ ಹಿಡಿಯುವ ಲೆಕ್ಕವನ್ನು ಪ್ಯಾಕೇಜ್ ಮಾರುವವರು ಸಲೀಸಾಗಿ ಹಾಕಿಕೊಡುತ್ತಾರೆ. ಯಾವ ದೋಣಿಯಾದರೂ ಸರಿ, ಹಾಗೆ ಮಾಡಬಾರದು. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಹ್ಯಾವ್‌ಲಾಕ್‌ಗೆ ಸ್ಕೂಬಾ ಡೈವಿಂಗ್‌ಗೆಂದೇ ಹೋಗುವವರಿಗೆ ಇದಕ್ಕೆ ಇನ್ನೊಂದು ಕಾರಣವಿದೆ: ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗುವ ಮೊದಲು ಎತ್ತರಕ್ಕೆ ಹಾರಿದರೆ ಅಪಾಯವಿರುವುದರಿಂದ, ಹಲವು ಬಾರಿ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ಬೋಧಕರು ಒಂದು ಪೂರ್ತಿ ದಿನ ಬಿಡಲು ಹೇಳುತ್ತಾರೆ, ಹೆಲಿಕಾಪ್ಟರನ್ನೂ ಅದಕ್ಕೇ ಸೇರಿಸುತ್ತಾರೆ. ದೋಣಿಗೆ ಈ ತೊಂದರೆಯಿಲ್ಲ. ಡೈವಿಂಗ್ ಮುಗಿಸಿ ಮಧ್ಯಾಹ್ನವೇ ಹತ್ತಬಹುದು.

ನೀಲ್ ದ್ವೀಪವನ್ನೂ ಸೇರಿಸಿಕೊಂಡವರು ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಮತ್ತೆ ಪೋರ್ಟ್ ಬ್ಲೇರ್ ಎಂಬ ತ್ರಿಕೋನದಲ್ಲಿ ಸುತ್ತುತ್ತಾರೆ. ಇಲ್ಲಿ ಮೂರೂ ಬದಿಗೆ ಒಂದೇ ಕಂಪನಿಯ ಟಿಕೆಟ್ ಕೊಂಡರೆ ಒಂದು ಓಟ ರದ್ದಾದಾಗ ಮುಂದಿನದನ್ನು ಬದಲಿಸಿಕೊಡುವಂತೆ ಕೇಳಲು ಒಬ್ಬರಾದರೂ ಇರುತ್ತಾರೆ. ಮೂರು ಕಂಪನಿಗಳಲ್ಲಿ ಹಂಚಿಕೊಂಡರೆ ಯಾರನ್ನೂ ಕೇಳುವಂತಿರುವುದಿಲ್ಲ. ಹ್ಯಾವ್‌ಲಾಕ್‌ನಿಂದ ನೀಲ್‌ಗೆ ಒಂದು ಗಂಟೆಯೊಳಗಿನ ಹಾದಿ, ಅದಕ್ಕೆ ಅಗ್ಗದ ದರ್ಜೆ ಧಾರಾಳವಾಗಿ ಸಾಕು.

2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಹ್ಯಾವ್‌ಲಾಕ್‌ನಲ್ಲಿ ಇಂಟರ್‌ನೆಟ್ ಮೊದಲಿನಷ್ಟು ಕಷ್ಟವಿಲ್ಲ. ಹಾಗಿದ್ದರೂ ಜೆಟ್ಟಿಯ ಗೇಟಿನಲ್ಲಿ ನೂರಾರು ಜನ ಒಟ್ಟಿಗೆ ಫೋನ್ ತೆರೆದಾಗ ಟಿಕೆಟ್ ಪರದೆಯ ಮೇಲೆ ಮೂಡದೆ ಸಾಲಿನಿಂದ ಪಕ್ಕಕ್ಕೆ ಸರಿಯಬೇಕಾದವರನ್ನು ನೋಡಿದ್ದೇನೆ. ಹೋಗುವ ಮತ್ತು ಬರುವ ಎರಡೂ ಟಿಕೆಟುಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಬುಕ್ಕಿಂಗ್‌ನಲ್ಲಿ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿಯ ಜೊತೆ, ಹೆಗಲಿಗೆ ಹಾಕಿಕೊಳ್ಳುವ ಚೀಲದಲ್ಲಿಯೇ ಇಟ್ಟುಕೊಳ್ಳಬೇಕು; ದೊಡ್ಡ ಸಾಮಾನನ್ನು ದೋಣಿ ಹತ್ತುವಾಗಲೇ ಒಂದು ಕಡೆ ಪೇರಿಸಿಡುವುದರಿಂದ, ಅದರೊಳಗಿಟ್ಟದ್ದು ಮತ್ತೆ ಕೈಗೆ ಸಿಗುವುದು ಇಳಿದ ಮೇಲೆಯೇ.